ಗಾಯಕ್ಕೂ ಬೇಳೆಗೂ ಏನು ಹಗೆ?

ಆಳಂದ, ಅಫಜಲಪುರ, ಜೇವರ್ಗಿ ತೊಗರಿಯ ಸೀಮೆ. ಆದರೂ ಗಾಯವಾದೊಡನೆ ಬೇಳೆ ನಿಲ್ಲಿಸುವ ಮನೆಗಳುಂಟು, ತಿಂದರೆ ಕೀವುಗಟ್ಟುತ್ತದಂತೆ! ಸುಟ್ಟ ಕೈಗೆ ಚರ್ಮ ಕಸಿಯಾದ ಮಗುವಿಗೂ ಇದೇ ಪಥ್ಯ. ಪ್ಲಾಸ್ಟಿಕ್ ಸರ್ಜರಿ ವಾರ್ಡಿನ ನರ್ಸ್ ಮೊದಲು ಬಿಡಿಸಬೇಕಾದ ಗಂಟು ಇದು. ಪಾಲಕರೇ, ಗಾಯ ಕೂಡಲು ಪ್ರೋಟೀನು ಬೇಕು: ಬೇಳೆ, ಹಾಲು, ಮೊಟ್ಟೆ.

ತೊಡೆಯಿಂದ ತೆಗೆದ ತೆಳುಚರ್ಮ ಹೊಸ ಜಾಗದಲ್ಲಿ ಹಿಡಿದುಕೊಳ್ಳಲು ಸುಮಾರು 5 ದಿನ ಬೇಕು. ಅಷ್ಟರಲ್ಲಿ ಅದು ಜರುಗಿದರೆ, ಅಡಿಯಲ್ಲಿ ರಕ್ತ ನಿಂತರೆ ಕಸಿ ಕೆಟ್ಟೀತು. ಅದಕ್ಕೇ ಕೈ ಅಲುಗದಂತೆ ಪಟ್ಟಿ. ಜ್ವರ, ದುರ್ವಾಸನೆಯ ಮೇಲೆ ನರ್ಸಿನ ಕಣ್ಣು.

ಮನೆಗೆ ಬಂದ ಮೇಲೆ ಹೇಳಿಕೊಟ್ಟ ವ್ಯಾಯಾಮ ಬಿಟ್ಟರೆ ಕಲೆ ಬಿಗಿದು, ಪೆನ್ನು ಹಿಡಿಯುವ ಬೆರಳು ಮಡಚಿಯೇ ಉಳಿಯಬಹುದು. ವೈದ್ಯರು ಕೊಟ್ಟ ಬಿಗಿ ಕೈಗವಸನ್ನು ತಿಂಗಳುಗಟ್ಟಲೆ ಹಾಕಬೇಕು, ತರಗತಿಯಲ್ಲಿ ಗೆಳೆಯರು ನಕ್ಕರೂ.