ಸರ್ವರಿನ ಪ್ರತಿರಕ್ಷಣೆ ಮತ್ತು ಪುನರುದ್ಧಾರ: ಒಂದು ವಿವೇಚನೆ

ಓಲೆಗರಿಗಳ ಛಾಯಾಪ್ರತಿಗಳೂ ವಿವರಣಾತ್ಮಕ ಸೂಚಿಗಳೂ ಇಂದು ಬಹುಮಟ್ಟಿಗೆ ಸರ್ವರ್ ಎಂಬ ಯಂತ್ರವನ್ನು ಆಶ್ರಯಿಸಿವೆ. ಆದಕಾರಣ ಆ ಯಂತ್ರವು ನಷ್ಟವಾದಲ್ಲಿ ಅದನ್ನು ಮರಳಿ ಎಬ್ಬಿಸುವ ಕ್ರಮವನ್ನು ವಿಚಾರಿಸುವುದು ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳವರಿಗೆ ಅಪ್ರಸ್ತುತವಲ್ಲ. ಪ್ರತಿ ತೆಗೆದಿಟ್ಟರೆ ಸಾಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಅದು ಅರ್ಧಸತ್ಯವೆಂಬುದಕ್ಕೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯೇ ನಿದರ್ಶನ.

೨೦೨೩ರ ಅಕ್ಟೋಬರ್ ತಿಂಗಳಲ್ಲಿ ಆ ಗ್ರಂಥಾಲಯದ ಯಂತ್ರಜಾಲದೊಳಕ್ಕೆ ನುಸುಳಿದ ರಿಸೀಡಾ ಎಂಬ ದುಷ್ಕರ್ಮಿಗಳ ತಂಡವು ಸುಮಾರು ೬೦೦ ಗಿಗಾಬೈಟಿನಷ್ಟು ಕಡತಗಳನ್ನು ಅಪಹರಿಸಿ, ಸರ್ವರುಗಳನ್ನೂ ಹಾಳುಗೆಡವಿತು. ಗ್ರಂಥಾಲಯವು ಒತ್ತೆಹಣವನ್ನು ಕೊಡಲಿಲ್ಲ. ಮುಖ್ಯ ಗ್ರಂಥಸೂಚಿಯು ಓದುಗರಿಗೆ ಮತ್ತೆ ದೊರೆತುದು ೨೦೨೪ರ ಜನವರಿ ೧೫ರಂದು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಗ್ರಂಥಾಲಯವೇ ಪ್ರಕಟಿಸಿದ ವರದಿಯಿಂದ ತಿಳಿದುಬರುವ ಮುಖ್ಯಾಂಶವಿದು: ಅಂಕೀಕೃತ ಸಂಗ್ರಹಗಳ ಪ್ರತಿಗಳು ಸುರಕ್ಷಿತವಾಗಿಯೇ ಇದ್ದವು, ಅವನ್ನು ಇಳಿಸಲು ತಕ್ಕ ಯಂತ್ರವ್ಯವಸ್ಥೆ ಇರಲಿಲ್ಲ. ಹಳೆಯ ತಂತ್ರಾಂಶಗಳಲ್ಲಿ ಕೆಲವು ಹೊಸ ಯಂತ್ರಗಳಲ್ಲಿ ನಡೆಯಲೊಲ್ಲವು. ಮತ್ತೆ ಕೆಲವಕ್ಕೆ ತಯಾರಕರ ಬೆಂಬಲವೇ ನಿಂತುಹೋಗಿತ್ತು.

ಇದರ ಕಾರಣವನ್ನು ಅರಿಯಲು ಸರ್ವರು ಏಳುವ ಬಗೆಯನ್ನು ನೋಡಬೇಕು. ವಿದ್ಯುತ್ತು ಹರಿದೊಡನೆ ಯಂತ್ರದ ಮೂಲತಂತ್ರಾಂಶವು ಡಿಸ್ಕಿನ ಒಂದು ಚಿಕ್ಕ ವಿಭಾಗದಲ್ಲಿರುವ ಬೂಟ್‌ಲೋಡರನ್ನು ಹುಡುಕುತ್ತದೆ. ಅದು ಕರ್ನೆಲ್ಲನ್ನೂ, ಡಿಸ್ಕನ್ನು ಓದಲು ಬೇಕಾದ ಚಾಲಕಗಳನ್ನೂ ತರುತ್ತದೆ. ಬಳಿಕ ಒಂದು ಪಟ್ಟಿಯಲ್ಲಿ ಬರೆದಿಟ್ಟ ಗುರುತುಸಂಖ್ಯೆಗಳನ್ನು ಹಿಡಿದು ಒಂದೊಂದು ವಿಭಾಗವನ್ನೂ ಅದರದರ ಸ್ಥಾನದಲ್ಲಿ ಜೋಡಿಸಲಾಗುತ್ತದೆ. ಕಡತಗಳನ್ನಷ್ಟೇ ನಕಲು ಮಾಡಿದರೆ ಈ ಏರ್ಪಾಡು ಬಿಟ್ಟುಹೋಗುತ್ತದೆ. ದಾರ ಕಳಚಿ ಪತ್ರಾಂಕಗಳು ಅಳಿಸಿಹೋದ ಕಟ್ಟಿನಲ್ಲಿ ಗರಿಗಳೆಲ್ಲ ಇದ್ದರೂ ಗ್ರಂಥವಿರುವುದಿಲ್ಲವಷ್ಟೆ.

ಆದುದರಿಂದ ತಾನೇ ಎದ್ದು ನಿಲ್ಲಬಲ್ಲ ಪ್ರತಿ ಬೇಕು. ಕ್ಲೋನ್‌ಜಿಲ್ಲಾ ಎಂಬ ಉಪಕರಣದಿಂದ ಯಂತ್ರವನ್ನು ನಿಲ್ಲಿಸಿ ಇಡಿಯ ಡಿಸ್ಕಿನ ಪ್ರತಿಬಿಂಬವನ್ನು ತೆಗೆಯಬಹುದು. ಲಿನಕ್ಸ್ ಸರ್ವರುಗಳಿಗೆ ರಿಲ್ಯಾಕ್ಸ್ ಅಂಡ್ ರಿಕವರ್ ಎಂಬುದು ಹೆಚ್ಚು ಅನುಕೂಲವೆಂದು ನನಗೆ ತೋರುತ್ತದೆ. ಅದು ಡಿಸ್ಕಿನ ವಿಭಾಗಕ್ರಮವನ್ನು ದಾಖಲಿಸಿಕೊಂಡು ಒಂದು ಉದ್ಧಾರಮಾಧ್ಯಮವನ್ನು ಸಿದ್ಧಪಡಿಸುತ್ತದೆ. ಆಪತ್ತಿನಲ್ಲಿ ಹೊಸ ಡಿಸ್ಕಿನ ಮೇಲೆ ಅದೇ ಕ್ರಮವನ್ನು ರಚಿಸಿ, ಕಡತಗಳನ್ನು ತುಂಬಿ, ಬೂಟ್‌ಲೋಡರನ್ನು ಪುನಃ ಸ್ಥಾಪಿಸುತ್ತದೆ. ವ್ಯವಸ್ಥೆಯಲ್ಲಿ ಮಾರ್ಪಾಡಾದಾಗಲೆಲ್ಲ ಈ ಮಾಧ್ಯಮವನ್ನು ಹೊಸದಾಗಿ ಮಾಡಬೇಕು. ಕಡತಗಳ ಪ್ರತಿಯಾದರೋ ನಿತ್ಯವೂ ಆಗತಕ್ಕದ್ದು. ದತ್ತಕೋಶವನ್ನು ಮಾತ್ರ ಅದು ನಡೆಯುತ್ತಿರುವಾಗ ಹಾಗೆಯೇ ನಕಲು ಮಾಡಬಾರದು. ಒಬ್ಬನು ಗರಿಯನ್ನು ತಿದ್ದುತ್ತಿರುವಾಗಲೇ ಇನ್ನೊಬ್ಬನು ಪ್ರತಿಮಾಡಿದರೆ ಪೂರ್ವಪಾಠವೂ ಉತ್ತರಪಾಠವೂ ಬೆರೆತ ಸಂಕರಪಾಠ ಹುಟ್ಟುವಂತೆ ಇಲ್ಲಿಯೂ ಆಗುತ್ತದೆ. ಅದಕ್ಕೆ ದತ್ತಕೋಶದ ತನ್ನದೇ ಆದ ಪ್ರತಿತಂತ್ರವನ್ನು ಬಳಸಬೇಕು.

ರೇಡ್ ಎಂಬ ಜೋಡಿಡಿಸ್ಕುಗಳ ವ್ಯವಸ್ಥೆಯನ್ನು ಕೆಲವರು ಪ್ರತಿಯೆಂದೇ ತಿಳಿದಿದ್ದಾರೆ. ಒಂದರಲ್ಲಿ ಅಳಿಸಿದ್ದು ಮರುಕ್ಷಣವೇ ಇನ್ನೊಂದರಲ್ಲಿಯೂ ಅಳಿಯುವುದರಿಂದ ಆ ತಿಳಿವಳಿಕೆ ಸರಿಯಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬುದು ರೂಢಿಯ ನಿಯಮ. ಒಂದನ್ನಾದರೂ ಜಾಲದಿಂದ ಕಳಚಿಡಬೇಕೆಂದು ಸೇರಿಸುವುದು ಯುಕ್ತ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ದತ್ತಕೇಂದ್ರಕ್ಕೆ ಬೆಂಕಿ ಬಿದ್ದಾಗ, ಪ್ರತಿಯನ್ನೂ ಅದೇ ಆವರಣದಲ್ಲಿ ಇರಿಸಿದ್ದವರಲ್ಲಿ ಕೆಲವರಿಗೆ ಏನೂ ಉಳಿಯಲಿಲ್ಲ. ಮೂಡಬಿದಿರೆಯಲ್ಲಿ ಮಾತ್ರವೇ ಇದ್ದ ಧವಲಾ ಟೀಕೆಯ ಪ್ರತಿಗಳು ಹೊರಬಂದ ಮೇಲೆಯೇ ೧೯೩೯ರಲ್ಲಿ ಅದರ ಮುದ್ರಣ ಆರಂಭವಾದ ವೃತ್ತಾಂತ ಈ ಓದುಗರಿಗೆ ತಿಳಿದೇ ಇದೆ.

ಪರೀಕ್ಷೆಯಿಲ್ಲದ ಪ್ರತಿಯನ್ನು ನಂಬುವಂತಿಲ್ಲ. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯ ನೌಕರರೊಬ್ಬರು ಬೇರೊಂದೆಂದು ಭ್ರಮಿಸಿ ಮುಖ್ಯ ಸರ್ವರಿನ ದತ್ತಕೋಶವನ್ನೇ ಅಳಿಸಿದರು. ನಿತ್ಯವೂ ಆಗುತ್ತಿದೆಯೆಂದು ನಂಬಿದ್ದ ಪ್ರತಿಕಾರ್ಯವು ತಂತ್ರಾಂಶದ ಆವೃತ್ತಿಭೇದದಿಂದ ವಿಫಲವಾಗುತ್ತಲೇ ಇತ್ತು. ಅದನ್ನು ತಿಳಿಸುವ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಅನ್ಯಕಾರ್ಯಕ್ಕಾಗಿ ಯಾರೋ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ನಾನು ಸೂಚೀಕಾರ್ಯದಲ್ಲಿ ತೊಡಗಿದ್ದ ಒಂದೆಡೆಯಲ್ಲಿಯೂ ಇಂಥದೊಂದು ನಡೆಯಿತು. ಹಳೆಯ ಯಂತ್ರವು ಬಯೋಸ್ ಪದ್ಧತಿಯದು, ಹೊಸದು ಯುಇಎಫ್‌ಐ ಮಾತ್ರ ಬಲ್ಲದ್ದು. ಡಿಸ್ಕಿನ ಪ್ರತಿಬಿಂಬ ನಿರ್ದೋಷವಾಗಿದ್ದರೂ ಯಂತ್ರ ಏಳಲಿಲ್ಲ. ಕೀಲಿಪದವನ್ನು ಬರೆದಿಟ್ಟ ಕಡತವೂ ಆ ಪ್ರತಿಬಿಂಬದೊಳಗೇ ಇತ್ತೆಂಬುದನ್ನು ನೆನೆದರೆ ಈಗಲೂ ಸಂಕೋಚವಾಗುತ್ತದೆ.

ಆರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಪ್ರತಿಯನ್ನು ಇಳಿಸಿ, ಎಷ್ಟು ಹೊತ್ತು ಹಿಡಿಯಿತೆಂದು ಗುರುತಿಸಬೇಕು. ಲಿಪಿಕಾರರು ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆದು ಲೋಪವನ್ನು ಕಂಡುಹಿಡಿಯಲು ಅವಕಾಶ ಮಾಡಿದಂತೆ, ಪ್ರತಿಯೊಂದು ಕಡತಕ್ಕೂ ಶಾ-೨೫೬ ಎಂಬ ಪರಿಶೀಲನಾಂಕವನ್ನು ಇಟ್ಟುಕೊಂಡು ತಾಳೆನೋಡಬೇಕು. ಪ್ರತಿಯ ಪುಷ್ಪಿಕೆಯೆನ್ನಬಹುದಾದ ವಿವರಗಳನ್ನು, ಅಂದರೆ ದಿನಾಂಕ, ಮೂಲಯಂತ್ರ, ತಂತ್ರಾಂಶದ ಆವೃತ್ತಿ, ಬೂಟ್ ಪದ್ಧತಿ, ಪ್ರತಿ ಮಾಡಿದವರ ಹೆಸರು ಇವುಗಳನ್ನು, ಇಳಿಸುವ ಕ್ರಮದೊಡನೆ ಕಾಗದದ ಮೇಲೆ ಬರೆದು, ಕೀಲಿಪದವನ್ನು ಬೇರೆ ಲಕೋಟೆಯಲ್ಲಿ ಮುಚ್ಚಿ, ಸರ್ವರು ಇರುವ ಕೊಠಡಿಯಲ್ಲದೆ ಮತ್ತೊಂದೆಡೆಯಲ್ಲಿ ಇರಿಸತಕ್ಕದ್ದು.