ಮರದ ಉಂಗುರದೊಳಗಿನ ಮಳೆಯ ಲೆಕ್ಕ



ದಂಡೋತಿ, ಚಿತ್ತಾಪುರ, ಸೇಡಂ ಕಡೆ ಯಾವ ಹಳ್ಳಿಗೆ ಹೋದರೂ ಹಿರಿಯರ ಬಾಯಲ್ಲಿ ಒಂದು ಮಾತು ಕೇಳುತ್ತೇವೆ: "ಮಳಿ ಮೊದಲಿನಂಗ ಇಲ್ಲ ನೋಡ್ರಿ." ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಮೊದಲು ಎಂದರೆ ಯಾವಾಗ? 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ದಂಡೆಯ ಹೊಲಗಳಿಗೆ ನುಗ್ಗಿತು. ಮೂರೇ ವರ್ಷ ಕಳೆದು 2023ರಲ್ಲಿ ಮಳೆ ಕೈಕೊಟ್ಟು, ಸರಕಾರ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಇವೆರಡರಲ್ಲಿ ಯಾವುದು ಈ ಸೀಮೆಯ ವಾಡಿಕೆ, ಯಾವುದು ಅಪರೂಪ?

ಇದು ಕಟ್ಟೆಯ ಮೇಲೆ ಕುಳಿತು ಹೊತ್ತು ಕಳೆಯಲು ಆಡುವ ಮಾತಲ್ಲ. ಬರ ಒಂದು ವರ್ಷದ್ದಾದರೆ ಹಿತ್ತಲ ಬಣವಿಯ ಕಣಿಕೆಯಲ್ಲಿ ದನ ಉಳಿಯುತ್ತವೆ. ಬೀಜದ ಜೋಳ ಮಡಕೆಯಲ್ಲಿರುತ್ತದೆ, ಸೊಸೈಟಿಯ ಸಾಲವನ್ನು ಮುಂದಿನ ತೊಗರಿಯಲ್ಲಿ ತೀರಿಸಬಹುದು. ಅದೇ ಬರ ಬೆನ್ನು ಬೆನ್ನಿಗೆ ನಾಲ್ಕು ವರ್ಷ ಬಂದರೆ ಲೆಕ್ಕವೇ ಬೇರೆ. ನಾಲ್ಕು ವರ್ಷದ ಬರ ಬಂದದ್ದುಂಟೆ ಎಂದು ಯಾರನ್ನು ಕೇಳೋಣ? ಅಜ್ಜನಿಗೆ 1972ರ ಬರ ನೆನಪಿದೆ. ಅವರ ಅಜ್ಜ ಹೇಳಿದ ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಬರ, ಮಾತಿನಲ್ಲಿ ಉಳಿದಿದೆ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಅದಕ್ಕೂ ಹಿಂದಿನ ಮಳೆಮಾಪಕದ ಲೆಕ್ಕ ಕೆಲವೇ ಊರುಗಳದ್ದು ಸಿಗುತ್ತದೆ. ಮನುಷ್ಯನ ದಫ್ತರ ಅಲ್ಲಿಗೆ ಮುಗಿಯಿತು. ಆದರೆ ಮರ ಒಂದು ದಫ್ತರ ಇಟ್ಟಿದೆ. ಅದನ್ನು ಓದುವ ಬಗೆಯನ್ನೇ ಈ ದಿನ ತಿಳಿಸುತ್ತೇನೆ.

ಸಾಗವಾನಿ ಮರ ಕಡಿದ ಮೇಲೆ ಬುಡದ ಮೇಲ್ಮೈಯನ್ನು ನೋಡಿದ್ದೀರಿ. ಬಳೆಯೊಳಗೆ ಬಳೆ ಇಟ್ಟ ಹಾಗೆ ಉಂಗುರಗಳು ಕಾಣುತ್ತವೆ. ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಮತ್ತೆ ಬೆಳೆಯಲು ಶುರುಮಾಡಿದಾಗ ಮೊದಲು ದೊಡ್ಡ ದೊಡ್ಡ ನೀರ್ಗೊಳವೆಗಳ ಒಂದು ಸಾಲು ಕಟ್ಟುತ್ತದೆ. ಮುಂದೆ ಗೊಳವೆ ಸಣ್ಣದಾಗುತ್ತ, ಕಟ್ಟಿಗೆ ಗಟ್ಟಿಯಾಗುತ್ತ ಹೋಗುತ್ತದೆ. ಹೀಗೆ ವರ್ಷಕ್ಕೊಂದು ಉಂಗುರ. ಮಳೆ ಚೆನ್ನಾಗಿ ಹಿಡಿದ ವರ್ಷ ಉಂಗುರ ಅಗಲ, ಮಳೆ ತಪ್ಪಿದ ವರ್ಷ ಉಂಗುರ ಕಿರಿದು.

ನಮ್ಮ ಬೇವು, ಹುಣಸೆ, ಮಾವಿನಲ್ಲಿ ಇಷ್ಟು ಸ್ಪಷ್ಟ ಗೆರೆ ನೆಚ್ಚಿಕೊಳ್ಳುವಂತೆ ಸಿಗುವುದಿಲ್ಲ. ಬಿಸಿಲು ನಾಡಿನ ಎಷ್ಟೋ ಮರಗಳು ಒಂದೇ ವರ್ಷದಲ್ಲಿ ಎರಡು ಸಲ ಚಿಗುರಿ ಎರಡು ಗೆರೆ ಹಾಕಿಬಿಡುತ್ತವೆ, ಕೆಲವು ಹಾಕುವುದೇ ಇಲ್ಲ. ಆದ್ದರಿಂದ ದಕ್ಷಿಣ ದೇಶದಲ್ಲಿ ಈ ಕೆಲಸಕ್ಕೆ ವಿಜ್ಞಾನಿಗಳು ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ಸಾಗವಾನಿಯನ್ನೇ.

ಒಂದೇ ಮರವನ್ನು ನಂಬಲಿಕ್ಕೂ ಆಗುವುದಿಲ್ಲ. ಎಳೆಯ ಮರ ಹೇಗಿದ್ದರೂ ಅಗಲ ಉಂಗುರ ಕಟ್ಟುತ್ತದೆ, ಮುದಿಮರ ಕಿರಿದು ಕಟ್ಟುತ್ತದೆ. ಪಕ್ಕದ ಮರ ನೆರಳು ಮಾಡಿದರೂ, ಹುಳು ಎಲೆ ತಿಂದರೂ ಉಂಗುರ ಸಣ್ಣದಾಗುತ್ತದೆ. ಅದಕ್ಕಾಗಿ ಒಂದು ಕಾಡಿನ ಹತ್ತಾರು ಮರಗಳಿಂದ ಪೆನ್ಸಿಲಿಗಿಂತ ಸಣ್ಣ ಕಡ್ಡಿಯಷ್ಟು ಕಟ್ಟಿಗೆಯನ್ನು ಕೈಬೈರಿಗೆಯಂಥ ಕೊರೆಯುವ ಉಪಕರಣದಿಂದ ತೆಗೆಯುತ್ತಾರೆ. ಮರ ಕಡಿಯಬೇಕಾಗಿಲ್ಲ. ಆಮೇಲೆ ಎರಡು ಸೀರೆಯ ಅಂಚಿನ ಪಟ್ಟೆಗಳನ್ನು ಒಂದರ ಪಕ್ಕ ಒಂದಿಟ್ಟು ಹೊಂದಿಸಿ ನೋಡುವಂತೆ, ಅಗಲ–ಕಿರಿದಿನ ಸಾಲುಗಳನ್ನು ಮರದಿಂದ ಮರಕ್ಕೆ ಹೊಂದಿಸುತ್ತಾರೆ. ಎಲ್ಲ ಮರಗಳಲ್ಲೂ ಒಂದೇ ಜಾಗದಲ್ಲಿ ಕಿರಿದಾದ ಉಂಗುರ ಬಂದರೆ ಅದು ಹುಳುವಿನ ಕಾಟವಲ್ಲ, ಆ ವರ್ಷದ ಹವೆಯ ಗುರುತು.

ಈ ಹೊಂದಾಣಿಕೆಯ ವಿದ್ಯೆಯನ್ನು ಕುದುರಿಸಿದವರು ಅಮೆರಿಕದ ಆರಿಜೋನಾದಲ್ಲಿದ್ದ ಡಗ್ಲಸ್ ಎಂಬ ಖಗೋಳ ವಿಜ್ಞಾನಿ. ಅವರು ನಿಂತ ಮರಗಳ ಸಾಲಿಗೆ ಹಳೆಯ ಮನೆಗಳ ತೊಲೆಗಳ ಸಾಲನ್ನು ಜೋಡಿಸುತ್ತ ಜೋಡಿಸುತ್ತ ಹಿಂದಕ್ಕೆ ಹೋದರು. ನಡುವೆ ಒಂದು ಕೊಂಡಿ ತಪ್ಪಿತ್ತು. 1929ರಲ್ಲಿ ಹಾಳುಬಿದ್ದ ಊರೊಂದರಲ್ಲಿ ಸಿಕ್ಕ ಸುಟ್ಟ ತೊಲೆಯ ತುಂಡೊಂದು ಆ ಕೊಂಡಿ ಕೂಡಿಸಿತು. ನಮ್ಮ ವಾಡೆಗಳನ್ನು ಕೆಡವುವಾಗ ಹಳೆಯ ಸಾಗವಾನಿ ತೊಲೆಗಳನ್ನು ಕೊಯ್ದು ಕಿಟಕಿ ಮಾಡಿಸುತ್ತೇವೆ. ಅದರೊಳಗೆ ಎಷ್ಟು ವರ್ಷದ ಮಳೆ ಇತ್ತೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಇನ್ನು ಎರಡನೆಯ ಬಗೆ. ಇದು ಸ್ವಲ್ಪ ಸೂಕ್ಷ್ಮ, ಸಾವಕಾಶ ಕೇಳಿರಿ.

ನೀರೆಲ್ಲ ಒಂದೇ ಅಲ್ಲ. ನೀರಿನಲ್ಲಿ ಆಮ್ಲಜನಕವಿದೆ. ಅದರ ಸಾವಿರ ಪರಮಾಣುಗಳಲ್ಲಿ ಸುಮಾರು ಎರಡು ಉಳಿದವುಗಳಿಗಿಂತ ತೂಕವಾಗಿರುತ್ತವೆ. ಗುಣ ಒಂದೇ, ತೂಕ ಮಾತ್ರ ಬೇರೆ. ಹಗುರದ್ದಕ್ಕೆ 16, ಭಾರದ್ದಕ್ಕೆ 18 ಎಂಬ ಅಂಕಿ. ಇಂಥವನ್ನೇ ಐಸೊಟೋಪು ಎನ್ನುತ್ತಾರೆ, ಪುಸ್ತಕದ ಕನ್ನಡದಲ್ಲಿ ಸಮಸ್ಥಾನಿ. ಕಣದಲ್ಲಿ ರಾಶಿ ತೂರುವುದು ನಿಮಗೆ ಗೊತ್ತೇ ಇದೆ. ಗಟ್ಟಿ ಕಾಳು ಮೊದಲು ಬುಡದಲ್ಲೇ ಬೀಳುತ್ತದೆ, ಹಗುರ ಹೊಟ್ಟು ಮುಂದೆ ಸಾಗುತ್ತದೆ. ಮೋಡದಲ್ಲೂ ಭಾರದ ನೀರಿಗೆ ಮೊದಲು ಉದುರುವ ಸ್ವಭಾವ. ಮಳೆ ಮೇಲಿಂದ ಮೇಲೆ ಹೊಡೆದರೆ ಭಾರದ್ದು ಮೊದಲೇ ತೀರಿ, ಆಮೇಲೆ ಬೀಳುವುದು ಹಗುರ ನೀರು. ಹಾಗಾಗಿ ಮುಂಗಾರು ಭರ್ಜರಿಯಾದ ವರ್ಷದ ನೀರು ಸಾಮಾನ್ಯವಾಗಿ ಹಗುರ, ಬಡಮಳೆಯ ವರ್ಷದ ನೀರು ಭಾರ.

ಬೇರು ಆ ನೀರನ್ನು ಇದ್ದ ಹಾಗೇ ಹೀರುತ್ತದೆ. ಎಲೆಯಲ್ಲಿ ಮತ್ತೊಂದು ತೂರಾಟ ನಡೆಯುತ್ತದೆ. ಒಣ ಗಾಳಿಗೆ ಹಗುರ ನೀರು ಬೇಗ ಆವಿಯಾಗಿ ಹಾರಿಹೋಗುತ್ತದೆ, ಭಾರದ್ದು ಎಲೆಯಲ್ಲಿ ಉಳಿಯುತ್ತದೆ. ಎಲೆ ತಯಾರಿಸಿದ ಸಕ್ಕರೆ ಇಳಿದು ಕಟ್ಟಿಗೆಯಾಗುವಾಗ ಈ ಗುರುತು ನಾರಿನಲ್ಲಿ ಕೂತುಬಿಡುತ್ತದೆ, ನೂರಾರು ವರ್ಷ ಅಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದೊಂದು ಉಂಗುರವನ್ನೂ ಬೇರೆಬೇರೆ ಹೆರೆದು, ಅದರ ನಾರನ್ನಷ್ಟೇ ಶುದ್ಧಮಾಡಿ, ಸಾಸಿವೆ ಕಾಳಿಗಿಂತ ಕಡಿಮೆ ತೂಕದ ಚೂರನ್ನು ಕಾಯಿಸಿ ಅನಿಲ ಮಾಡುತ್ತಾರೆ. ಆ ಅನಿಲವನ್ನು ಅಯಸ್ಕಾಂತದ ಪಕ್ಕದಿಂದ ಓಡಿಸಿದರೆ ಹಗುರದ್ದು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ. ಯಾವುದು ಎಷ್ಟು ಎಂದು ಯಂತ್ರ ಎಣಿಸುತ್ತದೆ. ಒಂದೇ ಉಂಗುರವನ್ನು ತೆಳ್ಳಗೆ ಹೋಳು ಮಾಡಿದರೆ ಮಳೆಗಾಲದ ಮೊದಲ ಭಾಗ ಹೇಗಿತ್ತು, ಕೊನೆ ಹೇಗಿತ್ತು ಎಂಬುದನ್ನೂ ಹುಡುಕಬಹುದು. ಮಿರಗ ಹೋಗಿ ಉತ್ತರಿ ಉಳಿಸಿತೇ ಎಂದು ನಾವು ಕೇಳುವ ಪ್ರಶ್ನೆಯೇ ಇದು.

ಎಲ್ಲ ಕಾಡಿನಲ್ಲೂ ಈ ಲೆಕ್ಕ ಒಂದೇ ತೆರನಾಗಿ ಕೂಡಿಬರುವುದಿಲ್ಲ. ಎರಡು ಮಳೆಗಾಲ ಕಾಣುವ ಊರಿನ ಮರ ಒಂದು ಹೇಳಿದರೆ ಒಂದೇ ಮಳೆಗಾಲದ ಊರಿನ ಮರ ಮತ್ತೊಂದು ಹೇಳೀತು. ಅದಕ್ಕೇ ಮೊದಲು ಮಳೆಮಾಪಕದ ಲೆಕ್ಕವಿರುವ ವರ್ಷಗಳಿಗೆ ತಾಳೆ ನೋಡಿ, ತಾಳೆ ಬಿದ್ದರೆ ಮಾತ್ರ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಹೊಸದಲ್ಲ. ಅಹಮದಾಬಾದಿನ ಭೌತ ಸಂಶೋಧನಾಲಯದ ಆರ್. ರಮೇಶ್ ಮತ್ತು ಸಂಗಡಿಗರು ಪಶ್ಚಿಮ ಭಾರತದ ಸಾಗವಾನಿಯ ಉಂಗುರಗಳಲ್ಲಿ ಜಲಜನಕದ ಐಸೊಟೋಪು ಅಳೆದು 1989ರಲ್ಲಿ ಪ್ರಕಟಿಸಿದರು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಬೋರಗಾಂವಕರ ಮತ್ತು ಸಂಗಡಿಗರು ಕೇರಳದ ಸಾಗವಾನಿಗಳಿಂದ 1481ರಿಂದ 2003ರವರೆಗೆ, ಒಟ್ಟು 523 ವರ್ಷದ ಉಂಗುರಗಳ ಸಾಲು ಕಟ್ಟಿ 2010ರಲ್ಲಿ ಹೊರತಂದರು. ಶಾಂತಸಾಗರದ ನೀರು ಕಾಯುವ ಎಲ್‌ ನಿನೊ ವರ್ಷಗಳಿಗೂ ಮುಂಗಾರಿನ ಕೊರತೆಗೂ ಇರುವ ನಂಟು ಆ ಕಿರಿದಾದ ಉಂಗುರಗಳಲ್ಲಿ ಅವರಿಗೆ ಕಂಡಿತು.

ನಮ್ಮ ರಾಜ್ಯದ ಒಂದು ಸಂಗತಿ ಇದೆ, ಅದು ಮರದ್ದಲ್ಲ, ಕಲ್ಲಿನದು. ಶಹಾಬಾದ ಪರಸಿಯ ಮೇಲೆ ನಡೆದಾಡುವ ನಮಗೆ ಸುಣ್ಣದ ಕಲ್ಲು ಹೊಸದೇನಲ್ಲ. ಬಾವಿನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರು ಕಟ್ಟುವುದನ್ನು ತಾಯಂದಿರು ದಿನಾ ನೋಡುತ್ತಾರೆ. ಸುಣ್ಣದ ಕಲ್ಲಿನ ಗವಿಯಲ್ಲೂ ಅದೇ ಆಗುತ್ತದೆ. ಮೇಲಿಂದ ಸೋರುವ ಮಳೆನೀರು ಸುಣ್ಣ ಕರಗಿಸಿಕೊಂಡು ಬಂದು ತೊಟ್ಟಿಕ್ಕಿ, ನೆಲದಿಂದ ಕಂಬದ ಹಾಗೆ ಪದರು ಪದರಾಗಿ ಬೆಳೆಯುತ್ತದೆ. ಉತ್ತರ ಕನ್ನಡ ಜಿಲ್ಲೆಯ ಅಕಳಗವಿಯಲ್ಲಿ ಸಿಕ್ಕ ಅಂಥ ಒಂದು ಕಲ್ಲಿನಲ್ಲಿ 331 ವರ್ಷದ ಪದರುಗಳಿದ್ದವು. ಅದರ ಆಮ್ಲಜನಕವನ್ನು ಅಳೆದು ಯಾದವ, ರಮೇಶ್ ಮತ್ತು ಪಂತ್ ಎಂಬ ವಿಜ್ಞಾನಿಗಳು ಹಿಂದಿನ ಮುಂಗಾರಿನ ಏರಿಳಿತವನ್ನು 2004ರಲ್ಲಿ ಬರೆದರು.

ಹಾಗಾದರೆ ನಾಲ್ಕು ವರ್ಷದ ಬರ? ಏಷ್ಯಾದ ಮುನ್ನೂರಕ್ಕೂ ಹೆಚ್ಚು ಜಾಗಗಳ ಮರಗಳ ಉಂಗುರ ಕೂಡಿಸಿ, 1300ರಿಂದ ಈಚಿನ ಒಣ ವರ್ಷ, ಹಸಿ ವರ್ಷಗಳ ನಕ್ಷೆಯೊಂದನ್ನು ಎಡ್ವರ್ಡ್ ಕುಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಅದರಲ್ಲಿ 1876–78ರ ನಮ್ಮ ಧಾತು ಈಶ್ವರ ಬರ ಎದ್ದು ಕಾಣುತ್ತದೆ. ಅದಕ್ಕೂ ಹಿಂದೆ 1790ರಿಂದ 96ರವರೆಗೆ ಒಣಗಾಲ. ಜನ ಡೋಜಿ ಬರ, ತಲೆಬುರುಡೆಯ ಬರ ಎಂದು ಕರೆದ, ಹೈದರಾಬಾದ ಸೀಮೆಯನ್ನೂ ಸುಟ್ಟ 1791–92ರ ಕ್ಷಾಮ ಅದರೊಳಗೇ ಬರುತ್ತದೆ. ಇನ್ನೂ ಹಿಂದೆ 1756ರಿಂದ 68ರವರೆಗೆ, ಭಾರತದಿಂದ ಆಗ್ನೇಯ ಏಷ್ಯಾದವರೆಗೆ, ಮತ್ತೊಂದು. ಅಂದರೆ ಬೆನ್ನು ಬೆನ್ನಿನ ಬರ ಈ ನೆಲಕ್ಕೆ ಹೊಸದಲ್ಲ, ಹೊಗೆ ಉಗುಳುವ ಕಾರ್ಖಾನೆಗಳು ಬರುವ ಮೊದಲೂ ಬಂದಿತ್ತು. ಈಗ ಹವೆ ಬಿಸಿಯಾಗುತ್ತಿರುವುದು ಅದರ ಮೇಲಿನ ಹೊರೆ. ಆ ನಕ್ಷೆಯ ಮರಗಳು ಬಹುಪಾಲು ಹಿಮಾಲಯ, ಟಿಬೆಟ್, ಆಗ್ನೇಯ ಏಷ್ಯಾದವು, ದಖ್ಖನ್ನಿನವು ಬಲು ಕಡಿಮೆ. ಆದ್ದರಿಂದ ಒಂದು ತಾಲ್ಲೂಕಿನ ಲೆಕ್ಕವನ್ನು ಅದರಿಂದ ತೆಗೆಯಲಾಗದು. ನನ್ನ ಅಭಿಪ್ರಾಯ ಕೇಳಿದರೆ, ಕಣಿಕೆಯ ಬಣವಿ ಒಂದೇ ವರ್ಷದ ಲೆಕ್ಕಕ್ಕೆ ಒಟ್ಟುವುದು ಸಾಲದು.

"ಈ ಯಂತ್ರದಿಂದ ಹೊಲಕ್ಕೇನು ಬಂತ್ರಿ?" ಎನ್ನುವವರಿಗೆ ಒಂದು ಮಾತು. ಇಂಗಾಲದಲ್ಲೂ ಹಗುರ, ಭಾರ ಇವೆ. ನೀರು ಸಾಲದಾಗ ಎಲೆ ತನ್ನ ಸಣ್ಣ ಬಾಯಿಗಳನ್ನು ಮುಚ್ಚಿಕೊಳ್ಳುತ್ತದೆ. ಒಳಗಿದ್ದ ಗಾಳಿಯಲ್ಲೇ ಆರಿಸಬೇಕಾಗಿ ಬಂದು ಭಾರದ ಇಂಗಾಲವನ್ನೂ ಹೆಚ್ಚು ಬಳಸುತ್ತದೆ. ಈ ಗುರುತು ನೋಡಿ, ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯುವ ಗಿಡವನ್ನು ಆರಿಸಬಹುದು. ಆಸ್ಟ್ರೇಲಿಯಾದವರು ಹೀಗೆ ಆರಿಸಿದ ಡ್ರೈಸ್‌ಡೇಲ್ ಎಂಬ ಗೋಧಿಯನ್ನು 2002ರಲ್ಲಿ ಬಿಟ್ಟರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಇಂಥ ಯಂತ್ರವಿದೆ, ಶೇಂಗಾ ತಳಿಗಳನ್ನು ಹೀಗೆ ಪರೀಕ್ಷಿಸಿದ್ದಾರೆ.

ಬರುವ ವರ್ಷದ ಮಳೆಯನ್ನು ಮರ ಹೇಳುತ್ತದೆಯೇ? ಇಲ್ಲ. ಯಾರಾದರೂ ಹಾಗೆ ಹೇಳಿ ಹಣ ಕೇಳಿದರೆ ಕೊಡಬೇಡಿರಿ.

ಬದುವಿನಲ್ಲಿ ಸಾಗವಾನಿ ಹಚ್ಚಿದವರು, ಪರವಾನಿಗೆ ಪಡೆದು ಕಡಿದಾಗ, ಬುಡದ ಒಂದು ಬಿಲ್ಲೆಯನ್ನು ಉಜ್ಜು ಕಾಗದದಿಂದ ನುಣ್ಣಗೆ ಮಾಡಿ, ನೀರು ಸವರಿ, ಮಕ್ಕಳನ್ನು ಕೂರಿಸಿಕೊಂಡು ಎಣಿಸಿರಿ. ಬಾವಿಯ ನೀರು ಹಾಯಿಸಿದ ಮರ ಬೇಡ, ಅದು ಮಳೆಯ ಲೆಕ್ಕ ಹೇಳದು. ಬೇಸಿಗೆಯಲ್ಲಿ ಕಡಿದ ಮರವಾದರೆ ತೊಗಟೆಯ ಕೆಳಗಿನ ಮೊದಲ ಉಂಗುರ ಹಿಂದಿನ ಮಳೆಗಾಲದ್ದು. ಅಲ್ಲಿಂದ ಒಳಗೆ ಎಣಿಸುತ್ತ ಹೋಗಿ 2023ನ್ನು ಹುಡುಕಿರಿ.