ಯಾವ ಕೆಲಸಕ್ಕೆ ಯಾವ ಪೋಸ್ಟಾಫೀಸು?

ಮೊಬೈಲಿನ ನಕ್ಷೆಯಲ್ಲಿ ಪೋಸ್ಟಾಫೀಸು ಎಂದು ಹುಡುಕಿದರೆ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ನಾಲ್ಕೈದು ಗುರುತುಗಳು ಒಟ್ಟಿಗೇ ಕಾಣಿಸುತ್ತವೆ. ಹತ್ತಿರದ್ದಕ್ಕೆ ಗಾಡಿ ತಿರುಗಿಸುವುದು ಸಹಜ. ಅಲ್ಲಿ ಸಾಲಿನಲ್ಲಿ ನಿಂತು ಕೌಂಟರ್ ತಲುಪಿದ ಮೇಲೆ ‘ಆ ಕೆಲಸ ಇಲ್ಲಿ ಆಗಲ್ಲ ಸಾರ್’ ಎಂಬ ಉತ್ತರ ಸಿಗುವುದೂ ಅಷ್ಟೇ ಸಹಜ. ಆದ್ದರಿಂದ ಮೊದಲು ಕೆಲಸ ಯಾವುದೆಂದು ನೋಡಿಕೊಳ್ಳಿ, ಕಚೇರಿ ಹುಡುಕುವುದು ಆಮೇಲೆ.

ಕಚೇರಿಗಳಲ್ಲಿ ಮೂರು ದರ್ಜೆ. ಅಂಚೆ ಇಲಾಖೆಯ ಪಟ್ಟಿಯಲ್ಲಿ ಹೆಸರಿನ ಮುಂದೆ ಎಚ್‌.ಓ. ಎಂದಿದ್ದರೆ ಪ್ರಧಾನ ಕಚೇರಿ, ಎಸ್‌.ಓ. ಎಂದರೆ ಉಪ ಕಚೇರಿ, ಬಿ.ಓ. ಎಂದರೆ ಹಳ್ಳಿಯ ಶಾಖಾ ಕಚೇರಿ. ಶಾಖಾ ಕಚೇರಿಯನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಎಷ್ಟೋ ಕಡೆ ಅದು ಒಂದು ಮನೆಯ ಮುಂದಿನ ಕೋಣೆ. ಒಂದು ಮೇಜು, ತಕ್ಕಡಿ, ದಿನದ ಮುದ್ರೆ, ಗೋಡೆಗೆ ತೂಗುಹಾಕಿದ ಕೆಂಪು ಡಬ್ಬಿ. ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ತೆರೆದಿರುತ್ತದೆ. ಟಪಾಲು ಚೀಲ ಬರುವ, ಹೋಗುವ ಹೊತ್ತಿಗೆ ತಕ್ಕಂತೆ ಅದರ ವೇಳೆ ಊರಿಂದೂರಿಗೆ ಬೇರೆ. ಅಲ್ಲಿ ದೊಡ್ಡ ಮೊತ್ತದ ನಗದು ಇಟ್ಟುಕೊಂಡಿರುವುದಿಲ್ಲ. ಹೆಚ್ಚು ಹಣ ತೆಗೆಯುವುದಿದ್ದರೆ ತಾಲ್ಲೂಕಿನ ಕಚೇರಿಗೆ ಹೋಗುವುದೇ ಮೇಲು.

ಹೆಚ್ಚು ಜನ ಎಡವುವುದು ಬಟವಾಡೆಯ ವಿಷಯದಲ್ಲಿ. ಮನೆಗೆ ಬೀಗ ಹಾಕಿದ್ದಾಗ ಪೋಸ್ಟ್‌ಮನ್ ಬಂದು ಹೋಗಿದ್ದರೆ, ಆ ಸ್ಪೀಡ್ ಪೋಸ್ಟ್ ಕಾಯುತ್ತಿರುವುದು ನಿಮ್ಮ ಬೀದಿ ಕೊನೆಯ ಕಚೇರಿಯಲ್ಲೇ ಎನ್ನುವ ಖಾತ್ರಿಯಿಲ್ಲ. ನಗರಗಳಲ್ಲಿ ಅನೇಕ ಕಚೇರಿಗಳಿಗೆ ಬಟವಾಡೆಯ ಹೊಣೆಯೇ ಇಲ್ಲ. ಅವು ಬರೀ ಕೌಂಟರ್ ಕೆಲಸಕ್ಕೆ. ನಿಮ್ಮ ಕಾಗದ ಇರುವುದು ನಿಮ್ಮ ಪಿನ್ ಕೋಡಿನ ಬಟವಾಡೆ ಕಚೇರಿಯಲ್ಲಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯನ್ನು ಬಿಡಿಸಿ ಓದಿದರೆ ಗುಟ್ಟು ತಿಳಿಯುತ್ತದೆ. ತೀರ್ಥಹಳ್ಳಿಯ 577432 ತೆಗೆದುಕೊಳ್ಳಿ. ಮೊದಲ 5 ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. ಮೊದಲ ಮೂರಂಕಿ 577 ಟಪಾಲು ವಿಂಗಡಿಸುವ ಜಿಲ್ಲೆ. ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು ಮೂರೂ ಊರುಗಳ ಪಿನ್ ಶುರುವಾಗುವುದು ಹೀಗೆಯೇ. ಕೊನೆಯ 432 ಬಟವಾಡೆ ಕಚೇರಿಯ ಗುರುತು. ಸುತ್ತಲ ಹಳ್ಳಿಗಳ ಶಾಖಾ ಕಚೇರಿಗಳು ತಮ್ಮ ಮೇಲಿನ ಉಪ ಕಚೇರಿಯ ಪಿನ್ನನ್ನೇ ಬಳಸುತ್ತವೆ. ಹಾಗಾಗಿ ಇಲಾಖೆಯ ಜಾಲತಾಣದಲ್ಲಿ ಒಂದು ಪಿನ್ ಹಾಕಿದರೆ ಉದ್ದನೆಯ ಪಟ್ಟಿ ಬರುತ್ತದೆ. ಊರಿನ ಹೆಸರು ನೋಡಿ ಆರಿಸಬೇಕು. ಬಟವಾಡೆಯಾಗದ ಸ್ಪೀಡ್ ಪೋಸ್ಟನ್ನು ಸಾಮಾನ್ಯವಾಗಿ ಏಳು ದಿನ ಇಟ್ಟು ಕಳಿಸಿದವರಿಗೇ ವಾಪಸು ಮಾಡುತ್ತಾರೆ. ತಡಮಾಡದೆ, ಗುರುತಿನ ಚೀಟಿ ಹಿಡಿದು ಹೋಗಿ.

ಪಾಸ್‌ಪೋರ್ಟ್ ಮತ್ತು ಆಧಾರ್ ಕೆಲಸ ಆಯ್ದ ಕಚೇರಿಗಳಲ್ಲಿ ಮಾತ್ರ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ 2017ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ದಿನ, ವೇಳೆ ಗೊತ್ತುಮಾಡಿಕೊಳ್ಳದೆ ಹೋದರೆ ಪ್ರಯೋಜನವಿಲ್ಲ. ಆಧಾರ್‌ಗೆ ಬೆಳಗ್ಗೆಯೇ ಟೋಕನ್ ಮುಗಿಯುವುದುಂಟು. ಹೊರಡುವ ಮುನ್ನ ಒಂದು ಫೋನ್ ಮಾಡಿ ಕೇಳಿ.

ಇನ್ನು ವೇಳೆ. ಬ್ಯಾಂಕುಗಳಿಗಿರುವ ಎರಡನೇ, ನಾಲ್ಕನೇ ಶನಿವಾರದ ರಜೆ ಪೋಸ್ಟಾಫೀಸಿಗಿಲ್ಲ. ಉಳಿತಾಯ ಖಾತೆಯ ಕೌಂಟರ್ ಬೇರೆ ಕೌಂಟರ್‌ಗಳಿಗಿಂತ ಮೊದಲೇ ಮುಚ್ಚುತ್ತದೆ, ಹಣದ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ. ತಿಂಗಳ 15ನೇ ತಾರೀಕಿನ ಹಿಂದುಮುಂದು ಮತ್ತು ತಿಂಗಳ ಕೊನೆಯ ದಿನಗಳಲ್ಲಿ ಆದಷ್ಟು ಹೋಗಬೇಡಿ. ಆರ್‌.ಡಿ. ಕಂತು ಕಟ್ಟುವ ಗಡುವು ಬೀಳುವುದು ಆಗಲೇ. ಏಜೆಂಟರು ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಬುಕ್ಕಿನ ಕಟ್ಟುಗಳನ್ನು ಕೌಂಟರಿನ ಮೇಲಿಟ್ಟರೆಂದರೆ ಅವರ ಹಿಂದೆ ನಿಂತವರ ಗತಿ ಹೇಳುವುದು ಬೇಡ. ಸಂಜೆ ತಡವಾಗಿ ಸ್ಪೀಡ್ ಪೋಸ್ಟ್ ಮಾಡಲೇಬೇಕಾದರೆ ದೊಡ್ಡ ರೈಲು ನಿಲ್ದಾಣಗಳ ಬಳಿಯ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ಕಚೇರಿಯಲ್ಲಿ ವಿಚಾರಿಸಿ. ಕೆಲವು ಕಡೆ ರಾತ್ರಿಯೂ ತೆಗೆದುಕೊಳ್ಳುತ್ತಾರೆ.

ಹೊಸ ಖಾತೆಗೆ ಆಧಾರ್, ಪ್ಯಾನ್, ಫೋಟೋ ಬೇಕು. ಉಳಿತಾಯ ಖಾತೆಗೆ ಕನಿಷ್ಠ 500 ರೂಪಾಯಿ, ಆರ್‌.ಡಿ.ಗೆ 100, ಸುಕನ್ಯಾ ಸಮೃದ್ಧಿಗೆ 250. ಪಾರ್ಸೆಲ್ ಮೇಲೆ ಕಳಿಸುವವರ, ಪಡೆಯುವವರ ಇಬ್ಬರ ಮೊಬೈಲ್ ಸಂಖ್ಯೆಯನ್ನೂ ಮನೆಯಲ್ಲೇ ಬರೆದುಕೊಂಡು ಹೋಗಿ. ಕೌಂಟರಿನ ದಾರ ಕಟ್ಟಿದ ಪೆನ್ನನ್ನು ನಂಬಬೇಡಿ. ‘ರಿಜಿಸ್ಟರ್ ಪೋಸ್ಟ್ ಕೊಡಿ’ ಎನ್ನುವ ಹಳೆಯ ಅಭ್ಯಾಸವನ್ನೂ ಬಿಡಬೇಕಾಗಿದೆ. 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ವಿಳಾಸದಲ್ಲಿ ಹೆಸರಿರುವವರ ಕೈಗೇ ಸೇರಬೇಕಾದ ನೋಟಿಸು, ದಾಖಲೆಗಳಿದ್ದರೆ ಸ್ಪೀಡ್ ಪೋಸ್ಟಿಗೆ ರಿಜಿಸ್ಟ್ರೇಷನ್ ಸೇರಿಸಿ ಎಂದು ಕೇಳಿ. ಯುಪಿಐ ಬಂದಿದೆಯಾದರೂ ಜೇಬಿನಲ್ಲಿ ಚಿಲ್ಲರೆ ಇರಲಿ.

ರಸೀದಿಯನ್ನು ಅಲ್ಲೇ ಓದಿ ನೋಡಿ, ಪಿನ್ ಕೋಡ್ ತಪ್ಪಿದ್ದರೆ ಕೌಂಟರ್ ಬಿಡುವ ಮೊದಲೇ ಹೇಳಿ. ಅದರಲ್ಲಿರುವ ಹದಿಮೂರು ಅಕ್ಷರ-ಅಂಕಿಗಳ ಸಂಖ್ಯೆಯಿಂದ ಟಪಾಲು ಎಲ್ಲಿದೆ ಎಂದು ಜಾಲತಾಣದಲ್ಲಿ ನೋಡಬಹುದು. ಅನುಮಾನ, ದೂರು ಏನಿದ್ದರೂ ಇಲಾಖೆಯ ಶುಲ್ಕರಹಿತ ಸಹಾಯವಾಣಿ 1800 266 6868.